ಹನ್ನೊಂದನೆಯ ಮಂಚದ ಸದ್ದು

ಯೂನಿಟ್ಟಿನ ಚೀಫ್ ಡಾಕ್ಟರ್ ವಿಷ್ಣುತೀರ್ಥರಿಗೆ ಒಂದು ಅಭ್ಯಾಸವಿತ್ತು. ರೋಗಿಯ ಎದೆಯಲ್ಲಿ ಹುಡುಗರು ಕೇಳಲೇಬೇಕಾದ ಸದ್ದು ಸಿಕ್ಕಿತೆಂದರೆ, ಸ್ಟೆತಾಸ್ಕೋಪಿನ ಬಾಯನ್ನು ಇಟ್ಟ ಜಾಗದಿಂದ ಎಳ್ಳಷ್ಟೂ ಕದಲಿಸದೆ, ಇನ್ನೊಂದು ಕೈಯಿಂದ ತಮ್ಮ ಕಿವಿಯೊಳಗಿನ ತುದಿಗಳನ್ನು ಕಳಚಿ, ಪಕ್ಕದಲ್ಲಿ ನಿಂತ ವಿದ್ಯಾರ್ಥಿಯ ಕಿವಿಗೆ ತಾವೇ ಸಿಕ್ಕಿಸುತ್ತಿದ್ದರು. ಒಂದು ಮಾತಿಲ್ಲ. ಹುಬ್ಬು ಮಾತ್ರ ಮೇಲೇರುತ್ತಿತ್ತು, ಕೇಳಿಸಿತೆ ಎಂದು. ಅವರು ಕೇಳಿದ್ದನ್ನೇ, ಅವರು ಕೇಳಿದ ಜಾಗದಲ್ಲೇ, ಅವರ ಕಿವಿಯ ಬಿಸುಪು ಇನ್ನೂ ಆರದ ಆ ತುದಿಗಳಲ್ಲೇ ಹುಡುಗ ಕೇಳುತ್ತಿದ್ದ. ಹೀಗೆ ಒಮ್ಮೆ ಕೇಳಿದವನು ಆ ಸದ್ದನ್ನು ಮತ್ತೆ ಮರೆಯುತ್ತಿರಲಿಲ್ಲ. ನಾಲ್ಕು ಪುಟ ಓದಿದರೂ ಬಾರದ್ದು ಒಂದು ಉಸಿರಿನಲ್ಲಿ ಬಂದುಬಿಡುತ್ತಿತ್ತು.

ತಿರುಮಲೇಶನಿಗೆ ಆ ತುದಿಗಳು ಮೊದಲು ಸಿಕ್ಕಿದ್ದು ನಾಲ್ಕನೆಯ ವರ್ಷದ ಎರಡನೆಯ ವಾರದಲ್ಲೇ. ಮದರಾಸಿನ ತಿರುವಲ್ಲಿಕ್ಕೇಣಿಯ ಮನೆಗೆ ಹೋಗಿ ತಾಯಿಗೆ ಹೇಳಿದ್ದ, ಚೀಫ್ ತಮ್ಮ ಸ್ಟೆತಾಸ್ಕೋಪು ನನ್ನ ಕಿವಿಗೇ ಹಾಕಿದರು ಎಂದು. ವೆಂಕಟಲಕ್ಷ್ಮಿ ರುಬ್ಬುವ ಕಲ್ಲಿನ ಮುಂದೆ ಕೂತಲ್ಲಿಂದಲೇ, ದೊಡ್ಡ ಮನುಷ್ಯರು, ನಮ್ಮ ಮಠದವರು, ಅಷ್ಟು ಅಭಿಮಾನ ಇರದೆ ಇರುತ್ತದೆಯೆ ಎಂದಿದ್ದರು. ಅಭಿಮಾನಕ್ಕೂ ಎದೆಯ ಮರ್ಮರಕ್ಕೂ ಏನು ಸಂಬಂಧ ಎಂದು ಆಗ ಅವನು ಯೋಚಿಸಲಿಲ್ಲ. ಯೋಚಿಸಬೇಕಾದವನು ಅವನಲ್ಲ ಎಂದುಕೊಂಡಿದ್ದನೋ ಏನೋ.

ಅದು ಅರವತ್ತೊಂದರ ಜನವರಿ. ಕೊನೆಯ ಪರೀಕ್ಷೆಗೆ ಮೂರು ತಿಂಗಳಿತ್ತು. ಯೂನಿಟ್ಟಿನ ಹನ್ನೆರಡು ವಿದ್ಯಾರ್ಥಿಗಳ ಅಂಕಗಳನ್ನು ಎರಡು ಹಾಳೆಗಳಲ್ಲಿ ವಾರ್ಡಿನ ಬಾಗಿಲ ಹೊರಗೆ ಅಂಟಿಸಿದ್ದರು. ಎಡಗಡೆಯದು ಬರೆದ ಪರೀಕ್ಷೆಯದು. ಅದರಲ್ಲಿ ಉತ್ತರ ಪತ್ರಿಕೆಯ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಬಲಗಡೆಯದು ವಾರ್ಡಿನದು, ರೋಗಿಯ ಪಕ್ಕದಲ್ಲಿ ನಿಂತು ಚೀಫ್‌ಗೆ ಉತ್ತರ ಹೇಳುವ ಪರೀಕ್ಷೆಯದು. ಎಡಗಡೆಯ ಹಾಳೆಯಲ್ಲಿ ಭೋಜರಾಜ ಮೊದಲನೆಯವನು. ಬಲಗಡೆಯದರಲ್ಲಿ ಹನ್ನೊಂದನೆಯವನು. ತಿರುಮಲೇಶ ಎಡಗಡೆ ಏಳನೆಯವನಾಗಿದ್ದು ಬಲಗಡೆ ಎರಡನೆಯವನಾಗಿದ್ದ.

ಭೋಜರಾಜನ ತಂದೆ ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಹೊಸಪೇಟೆ ಕಡೆಯಿಂದ ಬಂದು ಕಾರ್ಖಾನೆಯ ಹಿಂದಿನ ಕೇರಿಯಲ್ಲಿ ನೆಲೆಸಿದ ಸಂಸಾರ. ಹರಿಜನ ವಿದ್ಯಾರ್ಥಿವೇತನದ ಪಟ್ಟಿಯನ್ನು ಕಾಲೇಜಿನ ಬೋರ್ಡಿಗೆ ಪ್ರತಿವರ್ಷ ಹಚ್ಚುತ್ತಿದ್ದುದರಿಂದ ಅವನು ಯಾರೆಂಬುದು ಯಾರೂ ಯಾರಿಗೂ ಹೇಳದೆ ಎಲ್ಲರಿಗೂ ಗೊತ್ತಿತ್ತು. ಇಡೀ ಯೂನಿಟ್ಟಿನಲ್ಲಿ ಕನ್ನಡದವರು ಅವರಿಬ್ಬರೇ. ಎರಡನೆಯ ವರ್ಷ ಪೆಥಾಲಜಿಯಲ್ಲಿ ತಿರುಮಲೇಶ ದಡ ಮುಟ್ಟಿದ್ದು ಭೋಜರಾಜನ ನೋಟ್ಸಿನಿಂದ. ಆ ಋಣ ಅವನ ಮನಸ್ಸಿನಲ್ಲಿತ್ತು.

ಸಂಜೆ ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದಾಗ ಭೋಜರಾಜ ಹಾಳೆಗಳ ಸುದ್ದಿಯನ್ನೇ ಎತ್ತಲಿಲ್ಲ. ಕಡಲೆಕಾಯಿ ಸುಲಿಯುತ್ತ ಬಂದವನು ಇದ್ದಕ್ಕಿದ್ದಂತೆ ನಿಂತ.

"ಸ್ವಾಮಿ, ಒಂದು ಕೇಳಬೇಕು. ನಗಬಾರದು ನೀನು."

"ಕೇಳು."

"ಆ ಮೈಟ್ರಲ್ ಸದ್ದು ಹ್ಯಾಂಗಿರತೈತಿ?"

ಕೇಳಿ ತಿರುಮಲೇಶ ನಕ್ಕೇಬಿಟ್ಟ. ಹೃದಯದ ಎಡಗಡೆಯ ಕವಾಟ ಕಿರಿದಾದಾಗ ರಕ್ತ ಅದರೊಳಗೆ ತೂರುವಾಗ ಆಗುವ ಸದ್ದು ಅದು. ಆ ಕವಾಟದ ಬಗ್ಗೆ ಭೋಜರಾಜ ಬರೆದ ಉತ್ತರವನ್ನು ಕಳೆದ ತಿಂಗಳಷ್ಟೇ ತರಗತಿಯಲ್ಲಿ ಓದಿ ಹೇಳಿದ್ದರು.

"ನೋಡು, ನಗ್ತೀದಿ."

"ಇಲ್ಲ, ಇಲ್ಲ. ಅದು... ಗೋಡೆಯಾಚೆ ಮನೇಲಿ ಯಾರೋ ಬೀಸುಕಲ್ಲು ಬೀಸಿದ ಹಾಗಿರ್ತದೆ."

"ಕಾಳು ಹಾಕಿದ ಕಲ್ಲೋ, ಬರೀ ಕಲ್ಲೋ?"

ತಿರುಮಲೇಶನಿಗೆ ಅದು ಗೊತ್ತಿರಲಿಲ್ಲ. ಅವರ ಮನೆಗೆ ಹಿಟ್ಟು ಮಿಷನ್ನಿನಿಂದ ಬರುತ್ತಿತ್ತು.

"ಹಂಗಾದ್ರ ನಿನಗೂ ಪೂರಾ ಗೊತ್ತಿಲ್ಲ ಬಿಡು" ಎಂದು ಭೋಜರಾಜ ನಕ್ಕ. ಆಮೇಲೆ ಕಡಲೆಕಾಯಿಯ ಸಿಪ್ಪೆಯನ್ನು ಬೆರಳಲ್ಲಿ ಪುಡಿ ಮಾಡುತ್ತ ಹೇಳಿದ: "ನಾನು ಇನ್ನೂ ಕೇಳಿಲ್ಲ ತಿರುಮಲೇಶ. ನನ್ನದರಾಗ ಬರೂದಿಲ್ಲ. ಜಾಗ ತಪ್ಪತೈತೋ, ಕೈ ತಪ್ಪತೈತೋ. ಒಂದ ಸಲ ಇದು ಅದು ಅಂತ ಕಿವಿಗೆ ಗೊತ್ತಾದ್ರ, ಆಮ್ಯಾಲೆ ನಾ ಹುಡುಕ್ಕೋತೀನಿ."

"ಚೀಫ್ ನಿನಗೆ ಕೊಡಲಿಲ್ಲವೆ?"

ಮಾತು ಬಾಯಿಂದ ಜಾರುವಷ್ಟರಲ್ಲಿ ಉತ್ತರ ಅವನಿಗೇ ಹೊಳೆಯಿತು. ಭೋಜರಾಜ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. ಅದು ಸರಿಯಾಗಿಯೇ ಇತ್ತು.

ಬಸ್ಸಿನಲ್ಲಿ ಕೂತು ತಿರುಮಲೇಶ ಲೆಕ್ಕ ಹಾಕಿದ. ಆ ತುದಿಗಳು ಯಾರ ಯಾರ ಕಿವಿಗೆ ಬಂದಿವೆ? ತನಗೆ, ಮೈಲಾಪುರದ ಮೂವರಿಗೆ, ಜಡ್ಜಿಯ ಮಗನಿಗೆ, ವೇಪೇರಿಯ ಕ್ರಿಶ್ಚಿಯನ್ ಡಾಕ್ಟರರ ಮಗನಿಗೆ. ಯಾರಿಗೆ ಬಂದಿಲ್ಲ? ಭೋಜರಾಜನಿಗೆ, ಕಾಶಿಮೇಡಿನ ಮೀನುಗಾರರ ಹುಡುಗನಿಗೆ, ಆಂಬೂರಿನ ಮುಸಲ್ಮಾನ ಸಾಹೇಬರ ಮಗನಿಗೆ, ಸೇಲಮ್ಮಿನ ಕಡೆಯಿಂದ ಬಂದು ಇಂಗ್ಲಿಷ್ ತಡವರಿಸುವ ಆ ಮೂವರಿಗೆ. ಚೀಫ್ ಯಾರನ್ನೂ ದೂರ ಹೋಗು ಎಂದವರಲ್ಲ. ಮಂಚದ ಸುತ್ತ ನಿಲ್ಲುವುದಕ್ಕೆ ಒಂದು ಕ್ರಮ ತಾನಾಗಿ ಏರ್ಪಟ್ಟಿತ್ತು, ಅಷ್ಟೆ. ಮುಂದೆ ನಿಂತವರು ಮುಂದೆಯೇ ನಿಂತರು. ಹಿಂದಿನವರ ಸರದಿ ಬಂದಾಗ ಚೀಫ್ ಗಡಿಯಾರ ನೋಡಿ, ನೀವು ನಿಮ್ಮದರಲ್ಲೇ ಕೇಳಿ ಎಂದು ಮುಂದಿನ ಮಂಚಕ್ಕೆ ನಡೆಯುತ್ತಿದ್ದರು. ಎರಡು ವರ್ಷ ದಿನಾ ನೋಡಿದ್ದನ್ನು ತಾನು ಇವತ್ತು ಕಾಣುತ್ತಿದ್ದೇನೆ ಎಂದು ತಿರುಮಲೇಶನಿಗೆ ಅನಿಸಿತು. ಜೊತೆಗೆ, ಕಂಡೆನಲ್ಲ ಎಂಬ ಒಂದು ಸಣ್ಣ ಹೆಮ್ಮೆಯೂ ಆಯಿತು. ನಾಳೆ ಮಧ್ಯಾಹ್ನ ತಾನೇ ಭೋಜರಾಜನಿಗೆ ಕೇಳಿಸುವುದು ಎಂದು ನಿಶ್ಚಯಿಸಿದ.

ಅವನು ತನ್ನನ್ನು ಬೇರೆಯವನೆಂದೇ ತಿಳಿದಿದ್ದ. ಹಿಂದೊಮ್ಮೆ ಭೋಜರಾಜ ನೋಟ್ಸು ಕೊಡಲು ಮನೆಗೆ ಬಂದಾಗ ತಾಯಿ ಜಗಲಿಯಲ್ಲೇ ಕೂರಿಸಿ, ಒಳ್ಳೆಯ ಲೋಟದಲ್ಲೇ ಕಾಫಿ ಕೊಟ್ಟು, ಊರು ಕೇರಿ ವಿಚಾರಿಸಿ ಕಳಿಸಿದ್ದರು. ಆಮೇಲೆ ಆ ಲೋಟ ಹಿತ್ತಲ ಕಲ್ಲಿನ ಮೇಲೆ ಹುಣಿಸೆಹಣ್ಣು, ಬೂದಿಯ ಜೊತೆ ಎರಡು ದಿನ ಕೂತಿತ್ತು. ತಿರುಮಲೇಶ ಅವತ್ತು ರಾತ್ರಿ ಊಟ ಬಿಟ್ಟಿದ್ದ. ಆ ಬಿಟ್ಟ ಊಟವನ್ನು ಅವನು ಬಹಳ ದಿನ ನೆನೆಯುತ್ತಿದ್ದ.

ಹೆಂಗಸರ ವಾರ್ಡಿನ ಹನ್ನೊಂದನೆಯ ಮಂಚದಲ್ಲಿ ನಾಗಮಣಿ ಇದ್ದಳು. ಪಲ್ಲಾವರಂ ಸಂತೆಯಲ್ಲಿ ಸೊಪ್ಪು ಮಾರುವವಳು, ಇಪ್ಪತ್ತು ವಯಸ್ಸು. ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತದೆ ಎಂದು ಬಂದವಳು. ಇಡೀ ಕಾಲೇಜಿನ ಹುಡುಗರು ದಿನವೂ ಅವಳ ಎದೆ ಕೇಳಿ ಹೋಗುತ್ತಿದ್ದರು, ಅಷ್ಟು ಒಳ್ಳೆಯ ಮೈಟ್ರಲ್ ಅವಳದು. ಅವಳಿಗೂ ರೂಢಿಯಾಗಿತ್ತು, ಹುಡುಗರು ಬಂದರೆ ಹೇಳುವ ಮೊದಲೇ ಎಡಮಗ್ಗುಲಾಗುತ್ತಿದ್ದಳು. ಮಧ್ಯಾಹ್ನ ಇಬ್ಬರೂ ಹೋದಾಗ ನರ್ಸು ತೆರೆ ಎಳೆದುಕೊಟ್ಟಳು. ನಾಗಮಣಿ ತಮಿಳಿನಲ್ಲಿ ತಮಾಷೆ ಮಾಡಿದಳು: ನೀವೆಲ್ಲ ಕಿವಿಗೆ ಸಿಕ್ಕಿಸಿಕೊಂಡ ಕೂಡಲೇ ತಲೆಯಾಡಿಸುತ್ತೀರಿ, ಈ ಅಣ್ಣ ಒಬ್ಬರೇ ಆಡಿಸುವುದಿಲ್ಲ, ಇವರಿಗೆ ಮಾತ್ರ ನನ್ನ ಎದೆ ಏನೂ ಹೇಳುವುದಿಲ್ಲವೆ ಎಂದು. ಭೋಜರಾಜ, ಹೇಳಿದರೆ ಆಡಿಸುತ್ತೇನಮ್ಮ ಎಂದ.

ತಿರುಮಲೇಶ ಸ್ಟೆತಾಸ್ಕೋಪಿನ ಗಂಟೆಯಾಕಾರದ ಬಾಯನ್ನು ಅವಳ ಎಡ ಎದೆಯ ಕೆಳಗೆ ಹಗುರವಾಗಿ ಇಟ್ಟ. ಸದ್ದು ಇತ್ತು, ದೂರದಲ್ಲಿ, ತಗ್ಗಿನಲ್ಲಿ. ಚೀಫ್ ಮಾಡುವಂತೆಯೇ ಬಾಯನ್ನು ಕದಲಿಸದೆ ತುದಿಗಳನ್ನು ಕಳಚಿ ಭೋಜರಾಜನ ಕಿವಿಗೆ ಹಾಕಿದ. ಭೋಜರಾಜ ಕಣ್ಣು ಮುಚ್ಚಿದ. ಅವನ ಮುಖ ಒಂದು ಮಗುವಿನ ಮುಖದ ಹಾಗೆ ಬಿಚ್ಚಿಕೊಂಡಿತು. ಇನ್ನೂ ಸ್ವಲ್ಪ ಹೊತ್ತು ಎಂದು ಬೆರಳು ತೋರಿಸಿದ.

"ಏನೋ ಐತಿ" ಎಂದ ಕಣ್ಣು ತೆರೆದು. "ಐತಿ, ಆದ್ರ ಹಿಡಿಯಾಕ ಸಿಗವಲ್ದು. ಜಾಗ ಸರಿ ಐತೇನು ನೀ ಒಮ್ಮೆ ನೋಡು, ಮತ್ತ ಕೊಡು."

ಅವನೇ ತುದಿಗಳನ್ನು ಕಳಚಿ ಕೊಟ್ಟ. ತಿರುಮಲೇಶ ತೆಗೆದುಕೊಂಡ. ಮಂಚದ ಪಕ್ಕದ ತಟ್ಟೆಯಲ್ಲಿ ಸ್ಪಿರಿಟ್ಟಿನಲ್ಲಿ ನೆನೆಸಿದ ಹತ್ತಿ ಇತ್ತು. ಅದನ್ನು ಎತ್ತಿ ಒಂದು ತುದಿಯನ್ನು ಎರಡು ಸುತ್ತು, ಇನ್ನೊಂದನ್ನು ಎರಡು ಸುತ್ತು ಒರೆಸಿ, ಹತ್ತಿಯನ್ನು ಬಿಸಾಡಿ, ಕಿವಿಗೆ ಹಾಕಿಕೊಂಡ.

ಸ್ಟೆತಾಸ್ಕೋಪು ಕಿವಿಗೆ ಹೋದೊಡನೆ ಹೊರಗಿನ ಸದ್ದೆಲ್ಲ ನಿಂತುಬಿಡುತ್ತದೆ. ಆ ನಿಶ್ಶಬ್ದದಲ್ಲಿ ತಿರುಮಲೇಶನಿಗೆ ತಾನು ಮಾಡಿದ್ದು ಗೊತ್ತಾಯಿತು. ಚೀಫ್ ಕಿವಿಯಿಂದ ಬಂದ ತುದಿಯನ್ನು ಅವನು ಎಂದೂ ಒರೆಸಿರಲಿಲ್ಲ. ಜಡ್ಜಿಯ ಮಗನಿಂದ ಬಂದಾಗಲೂ ಇಲ್ಲ. ಅವನಿಗೆ ಕಿವಿ ಸೋರುವ ಕಾಯಿಲೆಯೂ ಇತ್ತು. ಕೈಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಕೈ ಯಾರನ್ನೂ ಕೇಳಲೂ ಇಲ್ಲ. ಹಿತ್ತಲ ಕಲ್ಲಿನ ಮೇಲಿನ ಲೋಟ ತಾನೇ ಎದ್ದು ಬಂದು ಅವನ ಕೈಯಲ್ಲಿ ಕೂತ ಹಾಗಿತ್ತು.

ಭೋಜರಾಜ ಕಂಬಳಿಯ ಅಂಚನ್ನು ನೋಡುತ್ತಿದ್ದ. ನಾಗಮಣಿ ತಿರುಮಲೇಶನ ಕೈಯನ್ನು ನೋಡುತ್ತಿದ್ದಳು.

ಅವಸರ ಅವಸರವಾಗಿ ಅವನು ತುದಿಗಳನ್ನು ಮತ್ತೆ ಭೋಜರಾಜನ ಕಿವಿಗೆ ಹಾಕಿದ. ಭೋಜರಾಜ ಎರಡು ಉಸಿರು ಕೇಳಿದ, ತಲೆಯಾಡಿಸಿದ, ಕಳಚಿ ಕೊಟ್ಟ.

"ಕೇಳಿಸ್ತು. ಥ್ಯಾಂಕ್ಯೂ" ಎಂದ. ಐದು ವರ್ಷದಲ್ಲಿ ಅವರಿಬ್ಬರ ನಡುವೆ ಆ ಇಂಗ್ಲಿಷ್ ಮಾತು ಅದೇ ಮೊದಲು ಬಂದದ್ದು.

ಮರುದಿನ ತಿರುಮಲೇಶ ಒಬ್ಬನೇ ಆ ಮಂಚದ ಹತ್ತಿರ ಹೋದಾಗ ನಾಗಮಣಿ ತಾನಾಗಿ ಮಗ್ಗುಲಾಗಲಿಲ್ಲ. ನಿನ್ನೆ ಆ ಅಣ್ಣನೂ ತಲೆಯಾಡಿಸಿಬಿಟ್ಟರಲ್ಲ ಎಂದಳು. ಆಮೇಲೆ, ಪಾಪ, ಎಂದಳು. ಯಾರನ್ನು ಕುರಿತು ಅಂದಳೋ ಅವನು ಕೇಳಲಿಲ್ಲ.

ಕೇಳಿಸಲಿಲ್ಲ ಎಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಪರೀಕ್ಷೆಗೆ ಪ್ರತಿವರ್ಷ ಎರಡು ಮೂರು ಮೈಟ್ರಲ್ ರೋಗಿಗಳನ್ನು ಇಡದೆ ಇರುವುದಿಲ್ಲ ಎಂಬುದೂ ಗೊತ್ತಿತ್ತು. ಇನ್ನೊಮ್ಮೆ ಬಾ, ಸರಿಯಾಗಿ ಕೇಳೋಣ ಎಂದು ಭೋಜರಾಜನನ್ನು ಕರೆಯಬೇಕು. ಕರೆದರೆ ಆ ಹತ್ತಿಯ ಮಾತು ಬರುತ್ತದೆ. ಮಾತು ಬರದಿದ್ದರೂ ಹತ್ತಿ ಇಬ್ಬರ ನಡುವೆ ಇರುತ್ತದೆ. ಅವನು ಕರೆಯಲಿಲ್ಲ. ಭೋಜರಾಜನೂ ಎಂದಿನಂತೆ ಕಡಲೆಕಾಯಿ ತಂದ, ಎಂದಿನಂತೆ ಸ್ವಾಮಿ ಎಂದ, ಸದ್ದಿನ ಸುದ್ದಿ ತೆಗೆಯಲಿಲ್ಲ.

ಆ ವಾರ ಏಕಾದಶಿ ಬಂತು. ಉಪವಾಸ ಮುಗಿಸುವ ದ್ವಾದಶಿಯ ಪಾರಣೆಯ ಊಟಕ್ಕೆ ಬೆಳಿಗ್ಗೆ ಬೇಗ ಚೀಫ್ ಮನೆಗೆ ಹೋಗುವುದು ತಿರುಮಲೇಶನಿಗೆ ಎರಡು ವರ್ಷದ ರೂಢಿ. ಅಲ್ಲಿ ಎಲೆಯ ಮುಂದೆ ಚೀಫ್ ಬೇರೆಯೇ ಮನುಷ್ಯ. ಅಗಸೆಸೊಪ್ಪಿನ ಪಲ್ಯ ಕಲಸುತ್ತ, ಇವತ್ತು ರೌಂಡ್ಸಿನಲ್ಲಿ ಏಳನೆಯ ಮಂಚದ ರೋಗಿಯ ಗುಲ್ಮದ ಬಗ್ಗೆ ಪ್ರಶ್ನೆ ಕೇಳುತ್ತೇನೆ, ಉಸಿರು ಎಳೆಸಿ ಎಡಪಕ್ಕೆಯ ಕೆಳಗೆ ಮುಟ್ಟಿನೋಡು ಎಂಬಂಥದ್ದನ್ನೆಲ್ಲ ಮಾತಿನ ನಡುವೆ ಹೇಳುತ್ತಿದ್ದರು. ವಾರ್ಡಿನಲ್ಲಿ ತಾನು ಚುರುಕಾಗಿ ಉತ್ತರ ಹೇಳುವುದರ ಒಂದು ಪಾಲು ಈ ಎಲೆಯಿಂದ ಎದ್ದದ್ದು ಎಂದು ತಿರುಮಲೇಶ ಅವತ್ತು ಮೊದಲ ಬಾರಿ ಒಪ್ಪಿಕೊಂಡ. ಅವರ ಹೆಂಡತಿ ಗೋದಾಬಾಯಿ ಬಡಿಸುತ್ತಿದ್ದರು.

ಹೇಳಬೇಕೆಂದು ಬಂದ ಮಾತು ಇಷ್ಟೇ: ಸರ್, ನಾನು ಒಂದು ತಪ್ಪು ಮಾಡಿದೆ. ಆದರೆ ಎಲೆಯ ಮುಂದೆ ಕೂತು, ಅವರ ಅನ್ನ ಉಣ್ಣುತ್ತ, ಆ ಮಾತು ಬರಲಿಲ್ಲ. ಅದರ ಬದಲು ಬೇರೊಂದು ಬಂತು.

"ಸರ್, ಭೋಜರಾಜನಿಗೆ ಸ್ವಲ್ಪ ಬೇಜಾರಾಗಿದೆ."

"ಯಾಕೆ?"

"ತಾವು ಸ್ಟೆತಾಸ್ಕೋಪು ಅವನಿಗೆ ಕೊಡೋದಿಲ್ಲ ಅಂತ."

ಚೀಫ್ ಕೈ ಎಲೆಯ ಮೇಲೆ ನಿಂತಿತು. ಅವರು ಕೆಟ್ಟವರಲ್ಲ. ಆಸ್ಪತ್ರೆಯ ಜಾಡಮಾಲಿಯ ಮಗುವಿಗೆ ಡಿಫ್ತೀರಿಯಾ ಆದಾಗ ಎರಡು ದಿನ ಮನೆಗೆ ಬಾರದೆ ಅದರ ಪಕ್ಕದಲ್ಲಿ ಕೂತಿದ್ದವರು.

"ಕೊಡೋದಿಲ್ಲವೆ?" ಎಂದರು. "ಯಾರು ಹತ್ತಿರ ಇರ್ತಾರೋ ಅವರಿಗೆ ಕೊಡ್ತೀನಪ್ಪ. ಹಾಗಂತ ಹೇಳಿದನೇ ಅವನು?"

ಇಲ್ಲ ಎನ್ನಲು ಇನ್ನೂ ಹೊತ್ತಿತ್ತು. ಗೋದಾಬಾಯಿ ಮಜ್ಜಿಗೆಯ ಪಾತ್ರೆ ಹಿಡಿದು ನಿಂತಿದ್ದರು. ತಿರುಮಲೇಶ ಎಲೆಯ ಮೇಲೆ ಅನ್ನದಲ್ಲಿ ಗುಳಿ ಮಾಡಿದ. ಅವರು ಮಜ್ಜಿಗೆ ಹೊಯ್ದರು. ಕೈ ತೊಳೆಯುವಾಗ ಚೀಫ್ ಅವನ ಮುಖ ನೋಡಲಿಲ್ಲ.

ಹತ್ತು ಗಂಟೆಗೆ ರೌಂಡ್ಸ್ ಹನ್ನೊಂದನೆಯ ಮಂಚಕ್ಕೆ ಬಂದಾಗ ಚೀಫ್ ಸುತ್ತಲೂ ನೋಡಿ, ಮಿಸ್ಟರ್ ಭೋಜರಾಜ ಮುಂದೆ ಬರಲಿ ಎಂದರು. ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ. ನನ್ನ ಸ್ಟೆತಾಸ್ಕೋಪು ನಿಮಗೆ ಸಿಗುತ್ತಿಲ್ಲವೆಂದು ನಿಮ್ಮ ದೂರು ಇದೆಯೆಂದು ಕೇಳಿದೆ, ಯಾವ ವಿದ್ಯಾರ್ಥಿಗೂ ನನ್ನ ಯೂನಿಟ್ಟಿನಲ್ಲಿ ಅಂಥ ದೂರು ಇರಕೂಡದು ಎಂದರು. ಹನ್ನೊಂದು ತಲೆಗಳು ಭೋಜರಾಜನ ಕಡೆ ತಿರುಗಿದವು. ಭೋಜರಾಜ ತಿರುಗಿದ್ದು ತಿರುಮಲೇಶನ ಕಡೆ. ಒಂದೇ ಕ್ಷಣ. ಆಮೇಲೆ ಮಂಚದ ಹತ್ತಿರ ಹೋದ.

ಚೀಫ್ ಗಂಟೆಯ ಬಾಯನ್ನು ನಾಗಮಣಿಯ ಎದೆಗಿಟ್ಟು, ತಾವು ಕೇಳಿ, ತುದಿಗಳನ್ನು ಕಳಚಿ ಅವನ ಕಿವಿಗೆ ಹಾಕಿದರು. ಎಲ್ಲರಿಗೂ ಮಾಡಿದ ಹಾಗೆಯೇ ಮಾಡಿದರು. ಆದರೆ ತುದಿ ಕಳಚುವಾಗ ಎದೆಯ ಮೇಲಿನ ಕೈ ಬಿಗಿಯಿತು. ತಿರುಮಲೇಶ ಮುಂದೆಯೇ ನಿಂತಿದ್ದ, ಅವನ ಜಾಗ ಅದು. ಬೆರಳ ಗೆಣ್ಣು ಬಿಳಿಚಿಕೊಂಡದ್ದು ಅವನಿಗೆ ಕಾಣುತ್ತಿತ್ತು. ಗಂಟೆಯನ್ನು ಒತ್ತಿ ಹಿಡಿದರೆ ತಗ್ಗಿನ ಸದ್ದು ಸತ್ತುಹೋಗುತ್ತದೆ. ಮೈಟ್ರಲ್ ಕೇಳುವಾಗ ಅದು ಎದೆಯ ಮೇಲೆ ಹೂವಿನ ಹಾಗೆ ಕೂತಿರಬೇಕು. ಇದನ್ನು ಅವನಿಗೆ ಕಲಿಸಿದವರು ಚೀಫೇ. ತಮ್ಮ ಕೈ ಮಾಡುತ್ತಿರುವುದು ಅವರಿಗೆ ಗೊತ್ತಿತ್ತೋ ಇಲ್ಲವೋ. ಅವತ್ತು ಹತ್ತಿ ಎತ್ತಿದಾಗ ತಿರುಮಲೇಶನಿಗೂ ತನ್ನ ಕೈ ಗೊತ್ತಿರಲಿಲ್ಲವಲ್ಲ.

ಭೋಜರಾಜ ಬಹಳ ಹೊತ್ತು ಕೇಳಿದ. ಚೀಫ್ ಹುಬ್ಬು ಏರಿಸಿದರು. ತಲೆಯಾಡಿಸಿದ್ದರೆ ಮುಗಿದಿತ್ತು. ಹಿಂದಿನ ಸಾಲಿನವರು ಎರಡು ವರ್ಷ ಹಾಗೆಯೇ ದಾಟಿಕೊಂಡು ಬಂದಿದ್ದರು.

"ನೋ ಸರ್" ಎಂದ ಭೋಜರಾಜ. "ಐ ಡು ನಾಟ್ ಹಿಯರ್ ಇಟ್."

ಚೀಫ್ ಸ್ಟೆತಾಸ್ಕೋಪು ತೆಗೆದುಕೊಂಡು ಕತ್ತಿಗೆ ಹಾಕಿಕೊಂಡರು. ಹಾಗಾದರೆ ಕೊರತೆ ಉಪಕರಣದ್ದಲ್ಲ ಎಂದಾಯಿತು ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹನ್ನೆರಡನೆಯ ಮಂಚಕ್ಕೆ ನಡೆದರು. ಮುಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ನಾಗಮಣಿ ಸೆರಗು ಎಳೆದುಕೊಳ್ಳುವಾಗ ಅವಳ ಎದೆಯ ಕೆಳಗೆ ಕೆಂಪಗೆ, ದುಂಡಗೆ, ಅಚ್ಚೊತ್ತಿದ ಬಳೆಯಂತೆ ಒಂದು ಗುರುತು ಮೂಡಿದ್ದನ್ನು ತಿರುಮಲೇಶ ನೋಡಿದ. ಇಗೋ ನೋಡಿ ಸರ್, ಒತ್ತಿದ್ದೀರಿ ಎನ್ನಲು ಒಂದು ಉಸಿರು ಸಾಕಿತ್ತು. ಗುರುತು ನಿಧಾನವಾಗಿ ಆರಿತು. ಅದು ಪೂರ್ತಿ ಆರುವ ತನಕ ಅವನು ಅಲ್ಲೇ ನಿಂತಿದ್ದ. ಆಮೇಲೆ ಮುಂದಿನ ಸಾಲು ಸೇರಿಕೊಂಡ.

ಸಂಜೆ ಭೋಜರಾಜ ಮೆಟ್ಟಿಲ ಹತ್ತಿರ ಕಾದಿದ್ದ.

"ನನಗ ಬ್ಯಾಸರ ಆಗೈತಿ ಅಂತ ನಾ ನಿನಗ ಯಾವಾಗ ಹೇಳಿದ್ದೆ?"

ತಿರುಮಲೇಶ ಮೆಟ್ಟಿಲ ಕಂಬಿ ಹಿಡಿದುಕೊಂಡ.

"ಬ್ಯಾಸರ ಆಗಿದ್ದು ನಿನಗ" ಎಂದ ಭೋಜರಾಜ. ದನಿ ಏರಿರಲಿಲ್ಲ. "ಅದನ್ನ ಒಯ್ದು ನನ್ನ ಹೆಸರಿಗೆ ಹಚ್ಚಿ ಬಂದಿ."

ಅಷ್ಟು ಹೇಳಿ, ಕೈಯಲ್ಲಿದ್ದ ಕಡಲೆಕಾಯಿಯ ಪೊಟ್ಟಣವನ್ನು ಏನು ಮಾಡುವುದೆಂದು ತಿಳಿಯದವನಂತೆ ನೋಡಿ, ಜೇಬಿಗೆ ಹಾಕಿಕೊಂಡು ಇಳಿದು ಹೋದ. ಅಂದಿನಿಂದ ತಿರುಮಲೇಶ ಸಂಜೆ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹೋಗತೊಡಗಿದ.

ಏಪ್ರಿಲಿನಲ್ಲಿ ಪರೀಕ್ಷೆಯಾಯಿತು. ಭೋಜರಾಜನಿಗೆ ಸಿಕ್ಕಿದ್ದು ಒಬ್ಬ ಮುದುಕ ರಿಕ್ಷಾದವನು, ಮೈಟ್ರಲ್ಲೇ. ನಾಡಿಯಿಂದ, ಮುಖದ ಬಣ್ಣದಿಂದ, ಕತ್ತಿನ ರಕ್ತನಾಳದಿಂದ ರೋಗ ಇದೇ ಇರಬೇಕೆಂದು ಅವನು ವಾದ ಕಟ್ಟಿ ಹೇಳಿದನಂತೆ. ಸದ್ದು ಕೇಳಿದೆಯಾ ಎಂದಾಗ ಇಲ್ಲ ಎಂದನಂತೆ. ಇದನ್ನು ಜಡ್ಜಿಯ ಮಗ ಕ್ಯಾಂಟೀನಿನಲ್ಲಿ ನಗುತ್ತ ಹೇಳಿದ: ಕೇಳಿದೆ ಎಂದು ಒಂದು ಸುಳ್ಳು ಹೇಳಲಿಕ್ಕೂ ಬಾರದವನು ಡಾಕ್ಟರಾಗುವುದು ಹೇಗೆ ಎಂದು. ಎಲ್ಲರೂ ನಕ್ಕರು. ತಿರುಮಲೇಶ ನಗಲಿಲ್ಲ, ಎದ್ದೂ ಹೋಗಲಿಲ್ಲ. ಫಲಿತಾಂಶ ಬಂತು. ಬರೆದ ಪತ್ರಿಕೆಗಳಲ್ಲಿ ಭೋಜರಾಜ ಕಾಲೇಜಿಗೇ ಮೊದಲಿಗ. ವಾರ್ಡಿನ ಪರೀಕ್ಷೆಯಲ್ಲಿ ನಲವತ್ತನಾಲ್ಕು, ಫೇಲು. ತಿರುಮಲೇಶನಿಗೆ ಎಪ್ಪತ್ತೊಂದು. ತಾಯಿ ಮಠಕ್ಕೆ ಹೋಗಿ ಹಸ್ತೋದಕದ ಸೇವೆ ಮಾಡಿಸಿ ಬಂದರು. ಅವನು ಅದೇ ಯೂನಿಟ್ಟಿನಲ್ಲಿ ತರಬೇತಿಯ ಹೌಸ್ ಸರ್ಜನ್ ಆದ.

ಆ ಬೇಸಿಗೆಯುದ್ದಕ್ಕೂ ಭೋಜರಾಜ ಮಧ್ಯಾಹ್ನದ ಹೊತ್ತು ಗಂಡಸರ ವಾರ್ಡಿಗೆ ಬಂದು ಹೋಗುತ್ತಾನೆಂದು ನರ್ಸುಗಳು ಹೇಳುತ್ತಿದ್ದರು. ಒಂದೊಂದು ರೋಗಿಯ ಹತ್ತಿರ ಅರ್ಧ ಗಂಟೆ ಕೂರುತ್ತಾನಂತೆ. ಸ್ಟೆತಾಸ್ಕೋಪಿನ ಬಾಯನ್ನು ಒಮ್ಮೆ ಒತ್ತಿ, ಒಮ್ಮೆ ಬಿಟ್ಟು, ಒಮ್ಮೆ ಒತ್ತಿ, ಒಮ್ಮೆ ಬಿಟ್ಟು ಕೇಳುತ್ತಾನಂತೆ. ತಿರುಮಲೇಶ ಆ ಹೊತ್ತಿಗೆ ಆ ಕಡೆ ಹೋಗುವ ಕೆಲಸವನ್ನು ಬೇರೆಯವರಿಗೆ ವಹಿಸುತ್ತಿದ್ದ. ಅಕ್ಟೋಬರಿನಲ್ಲಿ ಭೋಜರಾಜ ಪಾಸಾದ. ವಾರ್ಡಿನ ಪರೀಕ್ಷೆಯಲ್ಲಿ ಐವತ್ತು. ಪಾಸಾಗಲು ಎಷ್ಟು ಬೇಕೋ ಅಷ್ಟೇ, ಒಂದೂ ಹೆಚ್ಚಿಗೆ ಇಲ್ಲ. ಬೇರೆ ಯೂನಿಟ್ಟಿಗೆ ಹೌಸ್ ಸರ್ಜನ್ ಆಗಿ ಬಂದ.

ಡಿಸೆಂಬರಿನಲ್ಲಿ ನಾಗಮಣಿ ಮತ್ತೆ ಬಂದಳು. ಈ ಸಲ ಕಾಲು ಊದಿತ್ತು. ಮಂಚ ಮಾತ್ರ ಅದೇ, ಹನ್ನೊಂದನೆಯದು. ಅವಳನ್ನು ಆಪರೇಷನ್ನಿಗೆ ಕಳಿಸುವ ಕಾಗದ ಬರೆಯಲು ತಿರುಮಲೇಶ ಮಧ್ಯಾಹ್ನ ಹೋದಾಗ ತೆರೆಯ ಹಿಂದೆ ಕನ್ನಡವೂ ತಮಿಳೂ ಬೆರೆತ ದನಿ ಕೇಳಿಸಿತು. ಸರಿಸಿ ನೋಡಿದ. ಭೋಜರಾಜ ಬಗ್ಗಿದ್ದ. ಸುತ್ತಲೂ ನಾಲ್ಕನೆಯ ವರ್ಷದ ಮೂವರಿದ್ದರು, ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಆ ಮೂವರನ್ನೂ ತಿರುಮಲೇಶ ಬೆಳಗಿನ ರೌಂಡ್ಸಿನಲ್ಲಿ ನೋಡಿದ್ದ, ಹಿಂದಿನ ಸಾಲಿನಲ್ಲಿ. ಭೋಜರಾಜ ಗಂಟೆಯನ್ನು ಎದೆಯ ಮೇಲೆ ಹಗುರವಾಗಿ ಹಿಡಿದು, ತನ್ನ ಕಿವಿಯ ತುದಿ ಕಳಚಿ ಹುಡುಗಿಯ ಕಿವಿಗೆ ಹಾಕಿದ. ಅವಳದು ಕಳಚಿ ಒಬ್ಬ ಹುಡುಗನಿಗೆ, ಅವನಿಂದ ಇನ್ನೊಬ್ಬನಿಗೆ. ಪಂಕ್ತಿಯಲ್ಲಿ ನೀರಿನ ಚೊಂಬು ಕೈ ಬದಲಾಯಿಸಿದ ಹಾಗೆ ಅದು ಸುತ್ತು ಬಂತು. ಯಾರೂ ಒರೆಸಲಿಲ್ಲ. ಕೇಳಿಸದಿದ್ದರೆ ತಲೆಯಾಡಿಸಬೇಡಿ, ಕೇಳಿಸುವ ತನಕ ಹಿಡಿದುಕೊಂಡಿರುತ್ತೇನೆ ಎಂದು ಅವನು ತಮಿಳಿನಲ್ಲಿ ಹೇಳುತ್ತಿದ್ದ.

ಆಮೇಲೆ ಅವನಿಗೆ ತಿರುಮಲೇಶ ಕಂಡ.

"ಬಾ ಸ್ವಾಮಿ" ಎಂದ. ಹನ್ನೊಂದು ತಿಂಗಳ ಮೇಲೆ ಅದೇ ಮಾತು, ಅದೇ ದನಿ. "ನಿನ್ನ ಪೇಷಂಟು. ಸದ್ದು ಮದಲಿಗಿಂತ ಉದ್ದ ಆಗೈತಿ, ಕೇಳು. ಕಾಳು ಹಾಕಿದ ಕಲ್ಲು ಅದು. ಬರೀ ಕಲ್ಲಲ್ಲ."

ಅವತ್ತು ಒತ್ತಿ ಹಿಡಿದಿದ್ದರು ಭೋಜಾ, ನಾನು ನೋಡಿದೆ, ಗುರುತು ಮೂಡಿತ್ತು, ನಾನು ಹೇಳಲಿಲ್ಲ. ಇಷ್ಟನ್ನೂ ತಿರುಮಲೇಶ ಹನ್ನೊಂದು ತಿಂಗಳಲ್ಲಿ ಮನಸ್ಸಿನಲ್ಲಿ ಎಷ್ಟೋ ಸಲ ಜೋಡಿಸಿಕೊಂಡಿದ್ದ. ಬಾಯಿ ತೆರೆದ. ಅಷ್ಟರಲ್ಲಿ ಭೋಜರಾಜ, ಗಂಟೆಯನ್ನು ಹಿಡಿದ ಕೈಯನ್ನು ಕದಲಿಸದೆ, ಇನ್ನೊಂದು ಕೈಯನ್ನು ಪಕ್ಕದ ತಟ್ಟೆಗೆ ಚಾಚಿ ಸ್ಪಿರಿಟ್ಟಿನ ಹತ್ತಿ ಎತ್ತಿಕೊಂಡ. ಹುಡುಗನ ಕಿವಿಯಿಂದ ಬಂದ ತುದಿಗಳನ್ನು ಒಂದೊಂದಾಗಿ, ಎರಡೆರಡು ಸುತ್ತು, ನೀಟಾಗಿ ಒರೆಸಿದ. ಮುಖದಲ್ಲಿ ಕೊಂಕಿರಲಿಲ್ಲ. ಮನೆಗೆ ಬಂದವರಿಗೆ ಅವರ ರೂಢಿಯಂತೆ ಮಣೆ ಹಾಕುವವನ ಎಚ್ಚರವಿತ್ತು, ಅಷ್ಟೆ.

"ಒರೆಸೀನಿ" ಎಂದು ಹೇಳಿ ಚಾಚಿದ.

ಮೂವರು ಮಕ್ಕಳೂ ನೋಡುತ್ತಿದ್ದರು. ನಾಗಮಣಿ ಕಣ್ಣು ಮುಚ್ಚಿಕೊಂಡಳು. ತಿರುಮಲೇಶ ತುದಿಗಳನ್ನು ಕಿವಿಗೆ ಹಾಕಿಕೊಂಡ. ಸ್ಪಿರಿಟ್ಟಿನ ತಣುಪು ಕಿವಿಯೊಳಕ್ಕೆ ಇಳಿಯಿತು. ಸದ್ದು ಇತ್ತು, ಇಷ್ಟು ಸ್ಪಷ್ಟವಾಗಿ ಅದನ್ನು ಅವನು ಚೀಫ್ ಕೈಯಿಂದಲೂ ಕೇಳಿರಲಿಲ್ಲ. ಭೋಜರಾಜ ಹುಬ್ಬು ಏರಿಸಿ ಕಾದ. ತಲೆಯಾಡಿಸಬೇಕೆಂದು ಗೊತ್ತಿತ್ತು, ಆಡಿಸಲಾಗಲಿಲ್ಲ.

ಕಳಚಿ ಕೊಟ್ಟಾಗ ಭೋಜರಾಜ ತೆಗೆದುಕೊಂಡು, ತಟ್ಟೆಯ ಕಡೆ ನೋಡದೆ, ನೇರವಾಗಿ ತನ್ನ ಕಿವಿಗೆ ಹಾಕಿಕೊಂಡ.